ವಲ್ಲಿ ತೆಗೆದ ಮೇಲೆ

ಮೊದಲ ಹಾಳೆ (ಬರೆದದ್ದು ಕೊನೆಗೆ, ಮಾರ್ಚ್ ೨೪)

ಯಾವ ಪುಸ್ತಕ ತೆರೆದರೂ ಮೊದಲ ಹಾಳೆಯನ್ನು ಖಾಲಿ ಬಿಡುವುದು ನನ್ನ ರೂಢಿ. ವ್ಯವಹಾರ ಮುಗಿದ ಮೇಲೆ ಒಟ್ಟು ಖರ್ಚು ಅಲ್ಲಿ ಬರೆದಿಟ್ಟರೆ, ಮುಂದೆ ಪುಸ್ತಕ ತೆರೆದ ಕೂಡಲೇ ಬುದ್ಧಿ ನೆಟ್ಟಗಾಗುತ್ತದೆ.

ಮಕ್ಕಳ ಪುರಸಭೆಯ ಉಸಾಬರಿಗೆ ಬಿದ್ದು ನಾನು ಕಳೆದುಕೊಂಡದ್ದು ಇಷ್ಟು. ಹೆಗಲ ಮೇಲಿನ ಬಿಳಿ ವಲ್ಲಿ ಒಂದು. ಅದು ಇನ್ನು ಯಾವ ಸಾಬೂನಿಗೂ ಬಿಳಿಯಾಗುವುದಿಲ್ಲ. ಶಾಲೆಯ ಕಟ್ಟೆಯ ಮೇಲಿಂದ ಯಾರೋ ಮೆಟ್ಟಿಕೊಂಡು ಹೋದ ಹೊಸ ಚಪ್ಪಲಿ. ಚಳಿಗಾಲ ಪೂರ್ತಿ ಬುಧವಾರದ ಮಧ್ಯಾಹ್ನದ ನಿದ್ದೆ. ಹಾಲಸಿದ್ದಪ್ಪನ ಜೊತೆಗಿನ ಹಳೇ ಗೆಳೆತನದಲ್ಲಿ ಮೂರು ವಾರ. ವಾರ್ಡಿನ ಟಿಕೆಟ್ಟು. ಮಿರ್ಚಿ, ಮಂಡಕ್ಕಿ, ಚಹಾ ಎಷ್ಟು ಹೋಯಿತೆಂದು ಬರೆದಿಡಲಿಲ್ಲ. ಹೆಂಡತಿ ಮೈಲವ್ವನಿಂದ ಬೈಸಿಕೊಂಡದ್ದನ್ನೂ ಹಿಡಿದಿಲ್ಲ. ಅದು ಹೇಗಿದ್ದರೂ ದಿನದ ಖರ್ಚು.

ನವೆಂಬರ್ ೧೮, ಸೋಮವಾರ

ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಆ ದಿನ ನನ್ನನ್ನು ಮಾತಾಡಿಸಲು ಬರುವವರು ಒಂದೋ ಮಾರುವವರು, ಒಂದೋ ಕೊಳ್ಳುವವರು. ಇವತ್ತು ಮೂರನೇ ಜಾತಿಯೊಂದು ಬಂತು: ಹೈಸ್ಕೂಲಿನ ಹೆಡ್ ಮಿಸ್ ದ್ರಾಕ್ಷಾಯಿಣಿ ಅಕ್ಕಾರು. ಮೂಗಿಗೆ ಸೆರಗು ಹಿಡಿದುಕೊಂಡೇ ನನ್ನ ದಲಾಲಿ ಅಂಗಡಿಯ ಗಾದಿಯ ತುದಿಗೆ ಕುಳಿತರು.

"ಗುಡದಪ್ಪನವರ, ಒಂಬತ್ತು, ಹತ್ತನೇತ್ತೆ ಹುಡುಗೂರು ಸೇರಿ ಮಕ್ಕಳ ಪುರಸಭೆ ಮಾಡಾಕತ್ತಾರ. ತಮ್ಮ ವಾರ್ಡಿನ ಒಂದು ತ್ರಾಸು ಹುಡುಕಿ, ಜನವರಿಯೊಳಗ ಖರೇ ಪುರಸಭೆಯವರ ಮುಂದ ಇಡಬೇಕು. ಪ್ರತಿ ಗುಂಪಿಗೂ ಊರಿನ ಒಬ್ಬರು ದೊಡ್ಡವರು ಮಾರ್ಗದರ್ಶಿ ಆಗಬೇಕ್ರಿ."

"ನಾ ಏಳನೇತ್ತೆ ಫೇಲು ಅಕ್ಕಾರ."

"ಮಾತಿನ್ಯಾಗ ಪಾಸ್ ಆಗೀರಲ್ರಿ."

ಹೊಗಳಿಕೆಯನ್ನು ನಾನು ಪುಕ್ಕಟೆ ಕೊಡುತ್ತೇನೆ, ಆದ್ದರಿಂದ ಅದರ ಬೆಲೆ ಗೊತ್ತು. ಆದರೂ ಒಪ್ಪಿದೆ. ಕಾರಣ ಇಲ್ಲಿ ಬರೆಯಲು ಅಡ್ಡಿಯಿಲ್ಲ. ಪುರಸಭೆ ಚುನಾವಣೆ ದೂರವಿಲ್ಲ. ನಮ್ಮ ವಾರ್ಡಿನ ಟಿಕೆಟ್ಟಿನ ಮೇಲೆ ನನಗೆ ಕಣ್ಣಿದೆ. ಒಂದು ಮಗುವಿಗೆ ಒಂದು ಅಪ್ಪ, ಒಂದು ಅವ್ವ, ಒಂದು ಅಜ್ಜಿ ಎಂದು ಹಿಡಿದರೂ ಹನ್ನೆರಡು ಮಕ್ಕಳ ಗುಂಪು ಸಣ್ಣ ಮಾಲಲ್ಲ.

ನವೆಂಬರ್ ೨೩, ಶನಿವಾರ

ಹಾವೇರಿಯಲ್ಲಿ ಮಾರ್ಗದರ್ಶಿಗಳಿಗೆ ತರಬೇತಿ. ಧಾರವಾಡದಿಂದ ಬಂದ ತರುಣನೊಬ್ಬ ಇಡೀ ದಿನ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದ: ಮಕ್ಕಳ ಪರವಾಗಿ ನೀವು ಮಾತಾಡಬೇಡಿ, ಅವರು ಮಾತಾಡಲು ಜಾಗ ಬಿಡಿ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ನನ್ನನ್ನು ಬ್ಯಾಡಗಿಯಿಂದ ಕರೆಸಿದ್ದರು. ಊಟ ಚೆನ್ನಾಗಿತ್ತು.

ನವೆಂಬರ್ ೨೭, ಬುಧವಾರ

ಮೊದಲ ಸಭೆ. 'ನಾಯಕತ್ವ' ಎಂಬುದರ ಮೇಲೆ ಅರ್ಧ ತಾಸು ಮಾತಾಡಿದೆ. ಚನ್ನೇಶ ಎಂಬ ಹುಡುಗ ಆಕಳಿಸಿದ. ಆಕಳಿಕೆ ಬೆಂಚಿನಿಂದ ಬೆಂಚಿಗೆ ಹಬ್ಬಿತು. ಗಿರಾಕಿ ಏಳುವ ಹೊತ್ತು ನನಗೆ ತಿಳಿಯುತ್ತದೆ. ಕೂಡಲೇ ಹೆಗಲ ಮೇಲಿನ ವಲ್ಲಿ ತೆಗೆದು ಕೈ ಮೇಲೆ ಹಾಕಿಕೊಂಡೆ.

"ಹಾವೇರಿ ದನದ ಸಂತ್ಯಾಗ ಎತ್ತಿನ ವ್ಯಾಪಾರ ಹೆಂಗ ಆಕ್ಕೈತಿ, ಗೊತ್ತೇನು?"

ಆ ಸಂತೆಯಲ್ಲೇ ನಾನು ದಲಾಲಿ ಕಲಿತದ್ದು. ಬಾಯಲ್ಲಿ ದರ ಹೇಳುವ ಹಾಗಿಲ್ಲ. ಇಬ್ಬರ ಕೈಗಳ ಮೇಲೆ ವಲ್ಲಿ, ಕೆಳಗೆ ಬೆರಳಿನ ಮಾತು. ಎದುರಿನವನ ತೋರುಬೆರಳು ಹಿಡಿದರೆ ಒಂದು, ನಾಲ್ಕು ಬೆರಳು ಹಿಡಿದರೆ ನಾಲ್ಕು, ಪೂರಾ ಕೈ ಹಿಡಿದರೆ ಐದು, ಕಿರುಬೆರಳೊಂದನ್ನೇ ಹಿಡಿದರೆ ಆರು. ನೂರೋ ಸಾವಿರವೋ ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ವಲ್ಲಿ ಸರಿದಾಗ ಕೈಯಲ್ಲಿ ಯಾವ ಬೆರಳಿದೆಯೋ ಅದೇ ದರ. ಆಮೇಲೆ ಮಾತು ತಿರುಗಿಸಿದವನ ಎತ್ತಿನ ಹಗ್ಗವನ್ನು ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ.

ಹುಡುಗರು ಎದ್ದು ಕುಳಿತರು. ಗುಂಪಿನ ಅಧ್ಯಕ್ಷೆ ಸಿಮ್ರಾನ, ಟೇಲರ್ ಒಬ್ಬರ ಮಗಳು, ನನಗಿಂತ ಎರಡು ಮಾತು ಹೆಚ್ಚು ಆಡುವವಳು, ಕೇಳಿದಳು: "ಕಾಕಾ, ಮುಚ್ಚಿ ಯಾಕ ಮಾಡ್ತಾರ್ರಿ?"

"ಸುತ್ತ ನಿಂತವರಿಗೆ ತಿಳೀಬಾರ್ದಂತ."

"ಎತ್ತಿಗೂ ತಿಳೀಬಾರ್ದೇನ್ರಿ?"

ನಗು ಬಂತು. ಅವಳ ಕೈ ಮೇಲೂ ವಲ್ಲಿ ಹಾಸಿದೆ.

ಅರ್ಧ ತಾಸಿನಲ್ಲಿ ಹನ್ನೆರಡು ಮಂದಿಯೂ ಕಲಿತರು. ಎಲ್ಲರಿಗಿಂತ ಚುರುಕು, ಮೂಲೆಯಲ್ಲಿದ್ದ ಶಿಲ್ಪಾ ಎಂಬ ತೆಳ್ಳಗಿನ ಹುಡುಗಿ. ಮಾತಿಲ್ಲ, ಬೆರಳು ಮಾತ್ರ. ನಮ್ಮ ಅಂಗಡಿಯ ಹಮಾಲ ಭರಮಣ್ಣನ ಮಗಳಂತೆ.

ಡಿಸೆಂಬರ್ ೪, ಬುಧವಾರ

ಮೋಸವಾಯಿತು.

ಯಾವ ತ್ರಾಸು ಆರಿಸುತ್ತೀರಿ ಎಂದು ಕೇಳಿದೆ. ಬೀದಿದೀಪ, ಗಟಾರು, ಹಂದಿ ಎಂದು ಅವರ ಬಾಯಿಗೆ ನಾನೇ ಮೂರು ಒಳ್ಳೆಯ ಸಮಸ್ಯೆಗಳನ್ನು ಇಟ್ಟಿದ್ದೆ. ಇವುಗಳಲ್ಲಿ ಯಾವುದಕ್ಕೂ ವಿರೋಧಿಗಳಿಲ್ಲ. ಹಂದಿ ಓಟು ಹಾಕುವುದಿಲ್ಲ.

ಸಿಮ್ರಾನ ಎದ್ದು ನಿಂತಳು. "ಗೋದಾಮು ಓಣಿ ಲಾರಿ, ಕಾಕಾ."

ಶಾಲೆಯ ಹಿಂದಿನ ಗೋಡೆಗೆ ತಾಗಿದ್ದೇ ಗೋದಾಮು ಓಣಿ. ಮಾರುಕಟ್ಟೆಯ ದಿನ ಬಳ್ಳಾರಿ, ರಾಯಚೂರು ಕಡೆಯ ಲಾರಿಗಳು ಅಲ್ಲಿ ಸಾಲಾಗಿ ನಿಂತು ಚೀಲ ಇಳಿಸುತ್ತವೆ. ಆ ಗೋಡೆಯಲ್ಲೇ ಹತ್ತನೆಯ ತರಗತಿಯ ಕಿಟಕಿ. ಕಿಟಕಿಗೆ ನೇರ ಎದುರಿಗೆ ಒಂದು ಅಂಗಡಿ. ಅಂಗಡಿಯ ಮೇಲೆ ನನ್ನ ಹೆಸರು.

"ಖಾರದ ಘಾಟು ಹುಟ್ಟಿದಾಗಿಂದ ಕುಡದೇವಿ. ಬ್ಯಾಡಗಿ ಮಂದಿಗೆ ಏನೂ ಆಗಂಗಿಲ್ಲ" ಎಂದೆ.

ಎಲ್ಲರೂ ಶಿಲ್ಪಾಳ ಕಡೆ ತಿರುಗಿದರು. ಅವಳು ನೆಲ ನೋಡಿದಳು. ಆಮೇಲೆ ದ್ರಾಕ್ಷಾಯಿಣಿ ಅಕ್ಕಾರು ನನ್ನನ್ನು ಹೊರಗೆ ಕರೆದು ಹೇಳಿದರು. ಹುಡುಗಿಗೆ ದಮ್ಮು. ಸೋಮವಾರ, ಗುರುವಾರ ಕ್ಲಾಸಿನಲ್ಲಿ ಕುಳಿತರೆ ಎದೆಯಲ್ಲಿ ಸೀಟಿ ಹೊಡೆದುಕೊಳ್ಳುತ್ತದೆ. ಎರಡು ಸಲ ಕಣ್ಣು ತೇಲಿಸಿದ್ದಾಳೆ. ಆದ್ದರಿಂದ ಆ ದಿನಗಳಲ್ಲಿ ಬರುವುದಿಲ್ಲ. ಹಾಜರಿ ಈಗಾಗಲೇ ಅಂಚಿಗೆ ಬಂದಿದೆ. ಸಂಕ್ರಾಂತಿ ಆದ ಮೇಲೂ ಹೀಗೇ ತಪ್ಪಿಸಿದರೆ ಹತ್ತನೇತ್ತೆ ಪರೀಕ್ಷೆಗೆ ಕೂಡ್ರಿಸುವುದಿಲ್ಲ.

"ಕ್ಲಾಸ್ ಬೇರೆ ಕಡೆ ಹಾಕ್ರಲಾ."

"ಬೇರೆ ಕಡೆ ಎಲ್ಲಿ ಐತ್ರಿ? ಇರೋ ಕೋಣಿ ಅಷ್ಟ. ಒಂದು ಸೋರ್ತೈತಿ, ಒಂದರಾಗ ಅಕ್ಕಿ ಚೀಲ ಅದಾವ."

"ಪರೀಕ್ಷೆ ತಪ್ಪಿದ್ರ?"

"ಅವರವ್ವನ ಕೂಡ ತೊಟ್ಟು ಬಿಡಸಾಕ ಕಳಸ್ತೇನಿ ಅಂದಾನ ಭರಮಣ್ಣ."

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡು. ದಮ್ಮಿನ ಹುಡುಗಿಗೆ ಊರಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುವುದಿಲ್ಲ.

ಮನೆಗೆ ಬಂದು ಮೈಲವ್ವನಿಗೆ ಹೇಳಿದೆ. ನನ್ನ ವಿರುದ್ಧ ಅರ್ಜಿ ಕೊಡುವುದು ಹೇಗೆಂದು ನಾನೇ ಕಲಿಸಿಕೊಡಬೇಕಂತೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಚಲೋ ಆತು. ನಿಮ್ಮ ವಿರುದ್ಧ ಏನು ಹೇಳಬೇಕಂತ ನಿಮಗಿಂತ ಚಲೋ ಯಾರಿಗೆ ಗೊತ್ತೈತಿ? ಕಡಿಮಿ ಬಿದ್ರ ನನ್ನ ಕರೀರಿ."

ಡಿಸೆಂಬರ್ ೫, ಗುರುವಾರ

ಮಾರುಕಟ್ಟೆ. ನಮ್ಮ ಎರಡು ಲಾರಿ ಗೋಡೆಗೆ ಹಚ್ಚಿ ನಿಂತಿದ್ದವು. ಕಿಟಕಿಯ ಕಡೆ ನೋಡಬಾರದೆಂದು ಬೆನ್ನು ಮಾಡಿ ಕುಳಿತೆ. ಬೆನ್ನು ನೋಯುತ್ತಿದೆ.

ಡಿಸೆಂಬರ್ ೧೩, ಶುಕ್ರವಾರ

ಬುಧವಾರದ ಸಭೆಯಲ್ಲಿ ಹುಡುಗರು ಅರ್ಜಿ ಓದಿದರು. "ಮಾಲಿನ್ಯದಿಂದ ವಿದ್ಯಾರ್ಥಿಗಳ ಆರೋಗ್ಯದ ಮೇಲೆ ದುಷ್ಪರಿಣಾಮ" ಎಂದೆಲ್ಲ ಇತ್ತು. ಅರ್ಜಿ ಯಾರ ಮೇಲೆ ಎನ್ನುವುದು ಆಮೇಲಿನ ಮಾತು, ಕೆಟ್ಟ ಮಾಲು ಕೆಟ್ಟ ಮಾಲೇ. ತಡೆಯಲಾಗಲಿಲ್ಲ.

"ಇದನ್ನ ಯಾರೂ ಕೊಳ್ಳಂಗಿಲ್ಲ. ಮಾರುಕಟ್ಟ್ಯಾಗ ಬಾಯಿಲೆ ಹೇಳಿದ್ರ ದರ ಬರತೈತೇನು? ಚೀಲ ಬಿಚ್ಚಿ ಮಾದರಿ ತೋರಸಬೇಕು. ಕೊಳ್ಳಾವ ಮುಟ್ಟಿ ನೋಡಬೇಕು, ಮೂಸಿ ನೋಡಬೇಕು."

"ಧೂಳಿನ ಮಾದರಿ ಹೆಂಗ ತೋರಸೋದ್ರಿ?" ಎಂದ ಚನ್ನೇಶ.

ಶಿಲ್ಪಾ ಎದ್ದು ಬಂದು ನನ್ನ ಹೆಗಲ ಮೇಲಿನ ವಲ್ಲಿಯತ್ತ ಬೆರಳು ಮಾಡಿದಳು. "ಕಾಕಾ, ಇದು... ತೋಯಿಸಿ... ಕಿಟಕಿಗೆ ಕಟ್ಟಿದ್ರ?" ಅವಳು ಮಾತಾಡಿದ್ದನ್ನು ಆವತ್ತೇ ಕೇಳಿದ್ದು. ಮೂರು ಪದಕ್ಕೊಮ್ಮೆ ಉಸಿರು ತರಬೇಕು ಅವಳಿಗೆ. ಅದಕ್ಕೇ ಇರಬೇಕು, ಒಂದು ಪದವೂ ಪೋಲಾಗುವುದಿಲ್ಲ.

ಹೊಸ ವಲ್ಲಿ, ರಾಣೆಬೆನ್ನೂರಿನಲ್ಲಿ ಕೊಂಡದ್ದು. ಕೊಟ್ಟೆ. ಬೇಡ ಎನ್ನಲು ಹನ್ನೆರಡು ಜೋಡಿ ಕಣ್ಣು ಬಿಡಲಿಲ್ಲ.

ನಿನ್ನೆ ಗುರುವಾರ ಇಡೀ ದಿನ ಅದು ಕಿಟಕಿಯಲ್ಲಿ ತೂಗುತ್ತಿತ್ತು, ನನ್ನ ಗಾದಿಗೆ ಎದುರಾಗಿ. ಇವತ್ತು ಹೋಗಿ ನೋಡಿದೆ. ಕೆಂಪಗಾಗಿತ್ತು. ಮುಂಜಾನೆಯಿಂದ ಅದರ ಪಕ್ಕಕ್ಕೇ ಚನ್ನೇಶನ ತಂದೆಯ ಹಳೇ ಧೋತರದ ತುಂಡು ಕಟ್ಟಿದ್ದರು. ಇವತ್ತು ಲಾರಿಯಿಲ್ಲ. ಅದು ಬೆಳ್ಳಗೇ ಇತ್ತು. ಮಣ್ಣಿನ ಕೆಂಪಿರಬಹುದು ಎಂದುಕೊಂಡು ವಲ್ಲಿಯನ್ನು ಮೂಸಿದೆ. ಏಳು ಸೀನು.

ಮಾದರಿ ಚಲೋ ಇದೆ. ವ್ಯಾಪಾರಿಯಾಗಿ ಹೇಳುತ್ತಿದ್ದೇನೆ, ಅಷ್ಟೇ.

ಡಿಸೆಂಬರ್ ೧೯, ಗುರುವಾರ

ಭರಮಣ್ಣ ಚೀಲ ಇಳಿಸಿ ಬಂದು ಮುಂದೆ ನಿಂತ. ನಲವತ್ತು ಕೆಜಿಯ ಚೀಲ ಹೊತ್ತಾಗಲೂ ಹೀಗೆ ಬಾಗಿರಲಿಲ್ಲ.

"ಸಾವ್ಕಾರ್ರ, ಹುಡುಗೂರಿಗೆ ಏನೋ ಕಲಸಾಕತ್ತೀರಂತ."

"ನಾ ಕಲಸಿಲ್ಲೋ. ಅವರ ಕಲ್ತಾರ."

"ಅರ್ಜ್ಯಾಗ ಬರದಂಗ ಲಾರಿ ಓಣಿ ಬಿಟ್ಟು ರೈಲ್ವೆ ಹಳಿ ಕಡೆ ಬಯಲಾಗ ನಿಂತ್ರ, ಅಲ್ಲಿಂದ ಇಲ್ಲಿತನಕ ಯಾರು ಹೊರಬೇಕ್ರಿ? ನನ್ನ ಬೆನ್ನು ಮುರದ್ರ ಆಕಿನ್ನ ಓದಸಾವ್ರು ಯಾರು?"

"ಹಂಗಾದ್ರ ಆಕಿ ಪರೀಕ್ಷೆ ಬ್ಯಾಡೇನು?"

ಅವನು ಹೆಗಲ ಮೇಲಿನ ಗೋಣಿ ಸರಿಮಾಡಿಕೊಂಡ. "ಬೇಕ್ರಿ. ನಮ್ಮನ್ಯಾಗ ಪರೀಕ್ಷೆತನಕ ಹೋದಾಕಿ ಆಕಿ ಒಬ್ಬಾಕೀನ. ಅದಕ್ಕ ಕೇಳಾಕ ಬಂದೇನಿ. ಎರಡೂ ಆಗೋಹಂಗ ಏನಾರ ಮಾಡ್ರಿ. ನೀವು ಮಾತಿನ ಮಂದಿ."

ಕೈಗಾಡಿ ಇಟ್ಟರೆ ಹೊರುವ ಕಷ್ಟ ಅರ್ಧವಾಗುತ್ತದೆ ಎಂದು ಹೇಳಿ ಕಳಿಸಿದೆ. ಯಾರು ಇಡಬೇಕು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜನವರಿ ೫, ಭಾನುವಾರ

ರಾಣೆಬೆನ್ನೂರಿಗೆ ಹೋಗಿದ್ದೆ, ಪಕ್ಷದವರ ಮನೆಗೆ. ಮೊಸರವಲಕ್ಕಿ ಕೊಟ್ಟರು, ಬೆನ್ನು ತಟ್ಟಿದರು. ಟಿಕೆಟ್ಟು ಬೇಕಾದರೆ ನಿಮ್ಮ ಓಣಿಯ ವರ್ತಕರ ಸಂಘವನ್ನು ಎದುರು ಹಾಕಿಕೊಳ್ಳಬೇಡಿ, ಆ ಹುಡುಗರ ಗದ್ದಲವನ್ನು ಮೆತ್ತಗೆ ಮುಗಿಸಿ ಎಂದರು. ಸಂಘದ ಅಧ್ಯಕ್ಷ ನನ್ನ ಗೆಳೆಯ ಹಾಲಸಿದ್ದಪ್ಪ. ಅವನೂ ದನದ ಸಂತೆಯ ಗಿರಾಕಿಯೇ. ಅವರಪ್ಪ ಹಿಡಿದ ಬೆರಳಿಗೆ ಇಡೀ ಹಾವೇರಿ ಸಂತೆ ಮರ್ಯಾದೆ ಕೊಡುತ್ತಿತ್ತು.

ಮೆತ್ತಗೆ ಮುಗಿಸುವುದು ನನ್ನ ಕಸುಬು. ಮಾಡೋಣ.

ಜನವರಿ ೧೬, ಗುರುವಾರ

ಮುಗಿಸಿದೆ ಎಂದುಕೊಂಡಿದ್ದೇನೆ.

ಮಧ್ಯಾಹ್ನ ಹಾಲಸಿದ್ದಪ್ಪ ಬಂದು ಗಾದಿಗೆ ಒರಗಿದ. ವಾರದ ಆರೂ ದಿವಸ ಓಣಿ ಖಾಲಿ ಇರಬೇಕು, ಲಾರಿ ರೈಲ್ವೆ ಕಡೆಯ ಬಯಲಿನಲ್ಲಿ ನಿಲ್ಲಬೇಕು ಎನ್ನುವುದು ಮಕ್ಕಳ ಬೇಡಿಕೆ.

"ಆರಕ್ಕ ಯಾವನೂ ಒಪ್ಪಂಗಿಲ್ಲ, ಗುಡದಪ್ಪಾ. ನಾಲ್ಕು ಕೊಡತೇನಿ. ಸಭಾದಾಗ ಎದ್ದು ನಿಂತು, ವಾರದಾಗ ನಾಲ್ಕು ದಿವಸ ಗೋದಾಮು ಓಣ್ಯಾಗ ಒಂದ ಒಂದು ಲಾರಿ ನಿಂದ್ರಂಗಿಲ್ಲ ಅಂತ ಹೇಳತೇನಿ. ಚಪ್ಪಾಳೆ ಬೀಳತಾವ, ನೋಡಾಕತ್ತಿರು."

"ಯಾವ ನಾಲ್ಕು?"

"ಸೋಮವಾರ, ಗುರುವಾರ ಬಿಟ್ಟು."

"ಲೇ, ಆ ನಾಲ್ಕು ದಿವಸ ಲಾರಿ ಬರಂಗೇ ಇಲ್ಲಲ್ಲೋ!"

"ಬರದ ಲಾರಿ ತಡಿಯೋದು ಸಲೀಸಲ್ಲೇನು?" ಎಂದು ಹೊಟ್ಟೆ ಕುಣಿಸಿ ನಕ್ಕ. ನಾನೂ ನಕ್ಕೆ. ಇಂಥ ಮಾತಿಗೆ ನಗದಿದ್ದರೆ ನಾನು ದಲಾಲನೇ ಅಲ್ಲ.

ಕೆಟ್ಟ ಸೌದಾ ಅಲ್ಲ. ಮಕ್ಕಳಿಗೆ ಚಪ್ಪಾಳೆ, ಸಂಘಕ್ಕೆ ಹೆಸರು, ನನಗೆ ಟಿಕೆಟ್ಟು. ಸೊನ್ನೆಗಿಂತ ನಾಲ್ಕು ದೊಡ್ಡದು.

ಜನವರಿ ೨೨, ಬುಧವಾರ

ಮಕ್ಕಳಿಗೆ ಹೇಳಿದೆ. ನಾಲ್ಕು ಎಂದ ಕೂಡಲೇ ಚನ್ನೇಶ ಬೆಂಚು ಬಡಿದ. ಯಾವ ನಾಲ್ಕು ಎಂದು ಸಿಮ್ರಾನ ಕೇಳಿದಳು. ಹೇಳಿದೆ. ಬೆಂಚು ಬಡಿಯುವುದು ನಿಂತಿತು.

ಶಿಲ್ಪಾ ತಲೆಯೆತ್ತಿದಳು. "ಆ ನಾಲ್ಕು ದಿವಸ... ನಾ ಸಾಲಿಗೆ ಬರತೇನಲ್ರಿ... ಕಾಕಾ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ತಿಳಿಸಿದಳು, ಅಷ್ಟೇ.

ನಾನು ಸಮಾಧಾನ ಹೇಳಿದೆ: "ಇರಲಿ. ನೀವು ಆರೂ ದಿವಸ ಕೇಳ್ರಿ. ಸಂತಿ ಅಂದಮ್ಯಾಲೆ ಕೇಳೋದು ಒಂದು, ಆಗೋದು ಒಂದು." ಇದು ಸರಿಯಾದ ಮಾತೇ. ಆದರೆ ಹೇಳುವಾಗ ಹಳಸಿದ ಅನ್ನ ಬಡಿಸಿದ ಹಾಗಿತ್ತು.

ಅಂದ ಹಾಗೆ, ಮೊನ್ನೆ ಸೋಮವಾರದಿಂದ ನಮ್ಮ ಲಾರಿಗಳನ್ನು ರೈಲ್ವೆ ಕಡೆಯ ಬಯಲಿನಲ್ಲೇ ನಿಲ್ಲಿಸುತ್ತಿದ್ದೇನೆ. ಅಲ್ಲಿ ಬೇವಿನ ಮರವಿದೆ, ಡ್ರೈವರುಗಳಿಗೆ ನೆರಳು. ಕೈಗಾಡಿ ಎರಡು ತರಿಸಿದೆ. ಹೇಗೂ ಅಂಗಡಿಗೆ ಬೇಕಾಗಿದ್ದವು.

ಜನವರಿ ೨೪, ಶುಕ್ರವಾರ

ಉದ್ದ ಬರೆಯುತ್ತೇನೆ.

ಸಭೆ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಪುರಸಭೆಯ ಅಧ್ಯಕ್ಷರು, ಮುಖ್ಯಾಧಿಕಾರಿ, ದ್ರಾಕ್ಷಾಯಿಣಿ ಅಕ್ಕಾರು, ವರ್ತಕರ ಪರವಾಗಿ ಹಾಲಸಿದ್ದಪ್ಪ, ಮಾರ್ಗದರ್ಶಿಯೆಂದು ನಾನು. ಒಂದೇ ಉದ್ದನೆಯ ಮೇಜು. ಅದರ ಒಂದು ತುದಿಗೆ ನಾವಿಬ್ಬರು ಗೆಳೆಯರು, ನಮ್ಮ ಮುಂದೆ ಮಕ್ಕಳು ತಂದಿಟ್ಟ ಮಾದರಿ: ನನ್ನ ಆ ಕೆಂಪಾದ ವಲ್ಲಿ. ಎದುರಿಗೆ ತಂದೆ ತಾಯಂದಿರು. ಹಿಂದೆ ಹಮಾಲರ ಗುಂಪು; ಅದರಲ್ಲಿ ಭರಮಣ್ಣ, ಹೆಂಡತಿ ಕರೆವ್ವನ ಪಕ್ಕದಲ್ಲಿ ಒಗೆದ ಅಂಗಿ ತೊಟ್ಟು ನಿಂತಿದ್ದ.

ಸಿಮ್ರಾನ ಮಾತು ಶುರು ಮಾಡಿದಳು. ಹುಡುಗಿ ಮುಂದೆ ವಕೀಲಳಾಗದಿದ್ದರೆ ಹಾವೇರಿ ಕೋರ್ಟಿಗೆ ನಷ್ಟ. ಅವಳು ಬೇಡಿಕೆ ಓದುತ್ತಿದ್ದಾಗ ಹಾಲಸಿದ್ದಪ್ಪ ನನ್ನ ಕಡೆ ವಾಲಿದ. ಬಾಯಿ ತೆರೆಯುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಹಳೇ ಚಾಳಿ ನೋಡಿ: ಎದುರಿಗೆ ವಲ್ಲಿಯಿತ್ತು. ಅವನ ಕೈ ಅದರ ಕೆಳಗೆ ತೂರಿತು. ನನ್ನ ಕೈಯೂ ತಾನಾಗಿ ತೂರಿತು. ಅವನು ನನ್ನ ನಾಲ್ಕು ಬೆರಳು ಹಿಡಿದ. ನಾಲ್ಕು. ಮಾತಾದದ್ದು ಹಾಗೇ ಇದೆಯಲ್ಲ ಎಂದು ಕೇಳಿದ ಲೆಕ್ಕ.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲೆಂದೇ ಕೈ ಕೊಟ್ಟದ್ದು. ಆದರೆ ಅವನ ಕಿರುಬೆರಳು ನನ್ನ ಮುಷ್ಟಿಯಲ್ಲಿತ್ತು. ಹೇಗೆ ಬಂತೋ. ಸೆಕೆಗೆ ಕೈ ಬೆವರಿತ್ತು, ಜಾರಿರಬೇಕು.

ಹಾಲಸಿದ್ದಪ್ಪ ಮುಖದಲ್ಲಿ ಸಭೆಯ ನಗು ಇಟ್ಟುಕೊಂಡೇ ಹಲ್ಲಿನ ಸಂದಿಯಿಂದ ಹೇಳಿದ: "ಲೇ, ತಲಿ ಕೆಟ್ಟೈತೇನು? ಬಿಡು." ಮತ್ತೆ ನಾಲ್ಕು ಹಿಡಿಯಲು ನೋಡಿದ. ನಾನು ಕಿರುಬೆರಳು ಬಿಡಲಿಲ್ಲ. ಎಳೆದ. ನಾನೂ ಎಳೆದೆ. ಮೇಜಿನ ಮೇಲೆ ವಲ್ಲಿಯು ಚೀಲದಲ್ಲಿ ಬೆಕ್ಕು ಹಾಕಿದ ಹಾಗೆ ಕುಣಿಯುತ್ತಿತ್ತು. ಮುಖ್ಯಾಧಿಕಾರಿ ಕನ್ನಡಕ ಏರಿಸಿ ನೋಡಿದರು.

ಅಷ್ಟರಲ್ಲಿ ಸಿಮ್ರಾನ, "ಈಗ ಮಾದರಿಯನ್ನು ನಮ್ಮ ಸದಸ್ಯೆ ಶಿಲ್ಪಾ ತೋರಿಸುತ್ತಾಳೆ" ಎಂದಳು. ಶಿಲ್ಪಾ ಬಂದಳು. ವಲ್ಲಿಯ ಎರಡು ತುದಿ ಹಿಡಿದಳು. ಎತ್ತಿದಳು.

ಅರವತ್ತು ದಾಟಿದ ಇಬ್ಬರು ಸಾಹುಕಾರರು. ಒಬ್ಬ ಇನ್ನೊಬ್ಬನ ಕಿರುಬೆರಳನ್ನು ಜಾತ್ರೆಯಲ್ಲಿ ತಪ್ಪಿಸಿಕೊಂಡೇನೆಂಬ ಕೂಸಿನ ಹಾಗೆ ಬಿಗಿಯಾಗಿ ಹಿಡಿದು ಕುಳಿತಿದ್ದ.

ಶಿಲ್ಪಾ ನಮ್ಮ ಕೈ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಕೈ ನೋಡಿದಳು.

"ಆರು" ಎಂದಳು.

"ಆರಕ್ಕ ಸೌದಾ ಆತು!" ಎಂದು ಕೂಗಿದಳು ಸಿಮ್ರಾನ. ಹನ್ನೊಂದು ಮಕ್ಕಳು ಒಟ್ಟಿಗೆ ಕಿರುಬೆರಳು ಎತ್ತಿ ಹಿಡಿದರು. ಹಿಂದೆ ನಿಂತ ಹಮಾಲರಲ್ಲಿ ಅರ್ಧ ಮಂದಿ ದನದ ಸಂತೆ ಕಂಡವರು. ಒಬ್ಬ ಮುದುಕ ಅಲ್ಲಿಂದಲೇ, "ವಲ್ಲಿ ತಗದಮ್ಯಾಲೆ ಮುಗೀತ್ರಿ!" ಎಂದ. ಮತ್ತೊಬ್ಬ, "ಇವರಪ್ಪ ಹಿಡಿದ ಬೆರಳು ಎಂದೂ ತಿರುಗಿಸಿದಾವಲ್ಲ ಬಿಡೋ" ಎಂದ.

ಅಧ್ಯಕ್ಷರಿಗೆ ತಲೆ-ಬುಡ ತಿಳಿಯಲಿಲ್ಲ. "ಏನ್ರಿ ಹಾಲಸಿದ್ದಪ್ಪನವರ, ಏನಿದು ಆರು?"

ಹಾಲಸಿದ್ದಪ್ಪ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಅವನ ಕಿವಿ ಮಾದರಿಗಿಂತ ಕೆಂಪಾಗಿತ್ತು. ಆಮೇಲೆ ಹಮಾಲರ ಕಡೆ ನೋಡಿದ. ಅಪ್ಪನ ಹೆಸರು ಬಂದಿತ್ತಲ್ಲ. ನಿಧಾನಕ್ಕೆ ಎದ್ದು ನಿಂತು ಅಂಗಿ ಜಗ್ಗಿಕೊಂಡ.

"ವಾರದಾಗ ಆರೂ ದಿವಸ, ಸಾಲಿ ಇರೋತನಕ ಗೋದಾಮು ಓಣ್ಯಾಗ ಲಾರಿ ನಿಂದ್ರಂಗಿಲ್ರಿ. ಸಂಘದ ಪರವಾಗಿ ಹೇಳಾಕತ್ತೇನಿ." ಸ್ವಲ್ಪ ತಡೆದು, "ಸೋಮವಾರ, ಗುರುವಾರ ಹಿಡದು" ಎಂದ. ಮೋಸ ಮಾಡಿದರೆ ಪೂರಾ ಮಾಡುತ್ತಾನೆ, ಮಾತು ಕೊಟ್ಟರೂ ಪೂರಾ ಕೊಡುತ್ತಾನೆ. ಅದಕ್ಕೇ ಅವನು ನನ್ನ ಗೆಳೆಯ.

ದೂರಕ್ಕೆ ಸಾಗಿಸುವ ಚೀಲಕ್ಕೆ ಹಮಾಲಿ ಹೆಚ್ಚಿಸಬೇಕು, ಪ್ರತಿ ಅಂಗಡಿಯವರೂ ಕೈಗಾಡಿ ಇಡಬೇಕು ಎಂದು ನಾನು ಎದ್ದು ಹೇಳಿದೆ. ಬಿಸಿಯಿದ್ದಾಗಲೇ ಬಡಿಯಬೇಕು. ಅದನ್ನೂ ಬರೆದುಕೊಂಡರು. ಬಯಲಿಗೆ ಜಲ್ಲಿ ಹಾಕಿಸುವುದಾಗಿ ಅಧ್ಯಕ್ಷರು ಹೇಳಿದರು. ಮುಖ್ಯಾಧಿಕಾರಿ ಮಾದರಿಯನ್ನು ಮೂಗಿಗೆ ಹಿಡಿದು ನೋಡಿ, ಸಭೆ ಮುಗಿಯುವವರೆಗೂ ಸೀನಿದರು.

ಶಿಲ್ಪಾ ವಲ್ಲಿ ಮಡಚಿ ನನಗೆ ಕೊಡಲು ಬಂದಳು. "ಕಾಕಾ, ನೀವು ನಾಲ್ಕು... ಅಂದಿದ್ರಲ್ರಿ?"

"ಕೈ ಜಾರಿತವ್ವಾ" ಎಂದೆ.

ಅವಳು ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಬೇಕು. ಇತ್ತು.

ಜನವರಿ ೨೭, ಸೋಮವಾರ

ಸಭೆಯ ಮಾತು ಬೇರೆ, ಸೋಮವಾರ ಬೇರೆ. ಕೋಳಿ ಕೂಗುವ ಮುಂಚೆ ಓಣಿಗೆ ಹೋದೆ. ಖಾಲಿ! ಈ ಓಣಿಗೆ ಇಷ್ಟು ಅಗಲವಿದೆಯೆಂದು ಗೊತ್ತೇ ಇರಲಿಲ್ಲ. ತಿರುವಿನಲ್ಲಿ ಹಾಲಸಿದ್ದಪ್ಪ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕಾವಲು ಕುಳಿತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

ಮುಂಜಾನೆ ಶಾಲೆಯ ಗಂಟೆಗೆ ಸ್ವಲ್ಪ ಮೊದಲು ಒಂದು ಲಾರಿ ನುಗ್ಗಿಬಂತು. ಓಣಿಯಲ್ಲಿದ್ದವರೆಲ್ಲ, "ಯಾರ್ದು, ಯಾರ್ದು?" ಎಂದು ಕೂಗಿದರು. ನನ್ನದೇ. ರಾಯಚೂರಿನ ಹೊಸ ಡ್ರೈವರನಿಗೆ ಹೇಳಿರಲಿಲ್ಲ. ಬನಿಯನ್ನಿನಲ್ಲೇ ಓಡಿದೆ. ಗೇಟಿನ ಹತ್ತಿರ ಮಕ್ಕಳು ನಿಂತು ಕಿರುಬೆರಳು ತೋರಿಸುತ್ತಿದ್ದರು.

ಹತ್ತನೆಯ ತರಗತಿಯ ಕಿಟಕಿ ತೆರೆದಿತ್ತು. ಮೂರನೇ ಬೆಂಚಿನಲ್ಲಿ ಎರಡು ಜಡೆ ಕಂಡವು. ನಾನು ಈಗ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದೇನೆ. ಬೆನ್ನು ನೋವಿಲ್ಲ.

ಫೆಬ್ರವರಿ ೬, ಗುರುವಾರ

ವಾರ್ಡಿನ ಟಿಕೆಟ್ಟು ಬೇರೆಯವರಿಗೆಂದು ರಾಣೆಬೆನ್ನೂರಿನಿಂದ ಫೋನು ಬಂತು. ಮಕ್ಕಳಿಗೆ ಪಾಣಿಪುರಿ ಕೊಡಿಸಬೇಕಿತ್ತು, ಹೆಚ್ಚು ಮಾತಾಡಲಾಗಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಹಾಲಸಿದ್ದಪ್ಪ ಬಂದ. ಸದ್ದಿಲ್ಲದೆ ಗಾದಿಗೆ ಒರಗಿ ನನ್ನ ಚಹಾವನ್ನೇ ಎತ್ತಿ ಕುಡಿದ. "ಖರೇ ಹೇಳು. ಕೈ ಜಾರಿತೋ, ಜಾರಿಸಿದಿಯೋ?"

"ಬೆವರಿತ್ತಲೇ."

"ಜನವರಿ ತಿಂಗಳಾಗ?"

ಅವನೂ ಸಾಮಾನ್ಯನಲ್ಲ. ಇನ್ನೊಂದು ಚಹಾ ಹೇಳಿದೆ.

ಮಾರ್ಚ್ ೨೪, ಸೋಮವಾರ

ಹತ್ತನೇತ್ತೆ ಗಣಿತದ ಪರೀಕ್ಷೆ. ಮಾರುಕಟ್ಟೆಯ ದಿನ, ಅದೂ ಹಂಗಾಮಿನ ಭರ್ತಿ. ಓಣಿ ಖಾಲಿ. ಹಮಾಲರು ಕೈಗಾಡಿಯ ಗಾಲಿಗೆ ಎಣ್ಣೆ ಬಿಟ್ಟಿದ್ದರು, ಕಿರುಗುಟ್ಟಬಾರದೆಂದು; ಭರಮಣ್ಣನ ಏರ್ಪಾಡು.

ಮಧ್ಯಾಹ್ನ ಶಿಲ್ಪಾ ಗೇಟಿನಿಂದ ಹೊರಗೆ ಬಂದಳು. ದಮ್ಮು ಬಂದರೆ ಬಾಯಿಗೆ ಹೊಡೆದುಕೊಳ್ಳುವ ಔಷಧದ ಪಂಪು ಲಂಗದ ಕಿಸೆಯಲ್ಲೇ ಇತ್ತು, ತೆಗೆದಿರಲಿಲ್ಲವಂತೆ. "ಹೆಂಗ ಆತವ್ವಾ?" ಎಂದು ಕೇಳಿದ ಭರಮಣ್ಣ. ಅವಳು ಒಂದೇ ಉಸಿರಿಗೆ ಹೇಳಿದಳು: "ಎಲ್ಲಾ ಬರದೇನಿ ಅಪ್ಪಾ, ಕಡೀದೊಂದು ಲೆಕ್ಕ ಬಂತು ಆದ್ರ ಬಿಡಸಾಕ ಟೈಮ ಸಾಲಲಿಲ್ಲ." ನಡುವೆ ಎಲ್ಲೂ ನಿಲ್ಲಲಿಲ್ಲ. ಭರಮಣ್ಣ ಲೆಕ್ಕದ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

ಇನ್ನು ಜಮೆಯ ಕಡೆ.

ಶಿಲ್ಪಾಳಿಗೆ: ಹಾಲ್ ಟಿಕೆಟ್ಟು. ಒಂದು ಲೆಕ್ಕ ಬಿಟ್ಟು ಉಳಿದದ್ದೆಲ್ಲ.

ಭರಮಣ್ಣನಿಗೆ: ಕೈಗಾಡಿ. ಹಮಾಲಿಯಲ್ಲಿ ಸ್ವಲ್ಪ ಏರಿಕೆ.

ಸಿಮ್ರಾನಳಿಗೆ: ಪ್ರಶ್ನೆ ಕೇಳುವ ಚಟ. ಬಿಡುವ ಲಕ್ಷಣವಿಲ್ಲ.

ಹಾಲಸಿದ್ದಪ್ಪನಿಗೆ: ಹೆಸರು. ಇದೆಲ್ಲ ತನ್ನದೇ ಆಲೋಚನೆ ಎಂದು ಹುಬ್ಬಳ್ಳಿಯ ಕೊಳ್ಳುವವರ ಮುಂದೆ ಹೇಳುತ್ತಿದ್ದ. ನಾನು ಹೌದೆಂದೆ.

ಮೈಲವ್ವನಿಗೆ: ಕೆಂಪು ವಲ್ಲಿ. ಒಲೆಯ ಮೇಲಿನ ಪಾತ್ರೆ ಇಳಿಸಲು ಹಿಡಿದಿದ್ದಾಳೆ. ಪ್ರತಿ ಸಲ ಸೀನುತ್ತಾಳೆ, ಪ್ರತಿ ಸಲ ನನ್ನನ್ನು ನೆನೆಯುತ್ತಾಳೆ.

ನನಗೆ: ಸಂಜೆ ದ್ರಾಕ್ಷಾಯಿಣಿ ಅಕ್ಕಾರು ಬಂದಿದ್ದರು. ಬರುವ ವರ್ಷದ ಗುಂಪಿಗೂ ನೀವೇ ಆಗಬೇಕು ಎಂದರು. ಹೂಂ ಎಂದೆ. ಅವರು ಓಣಿ ದಾಟಿ ಹೋದ ಮೇಲೆ ನೆನಪಾಯಿತು, ಅದರಿಂದ ನನಗೇನು ಎಂದು ಕೇಳಲೇ ಇಲ್ಲ.